ರಾಗ್ನಾ ಉಣಿಸದ ಮೊಮ್ಮಗ

ಅಲ್ವಿನಾಳ ಮೊದಲ ಮಗು ಸಿಗ್ನಿ ಬೇಸಿಗೆಯ ಭೇದಿಯಲ್ಲಿ ತೀರಿಕೊಂಡಳು. ಇನ್ನೂ ಹಲ್ಲು ಮೂಡಿರಲಿಲ್ಲ. ಹಿಂದಿನ ದಿನವಷ್ಟೇ ಅತ್ತೆ ರಾಗ್ನಾ ಕೆನೆಗಂಜಿ ಕಾಯಿಸಿ, ಬೆರಳ ತುದಿಯಲ್ಲಿ ಕೂಸಿನ ಬಾಯಿಗಿಟ್ಟಿದ್ದಳು.

"ಬರೀ ಎದೆಹಾಲಲ್ಲಿ ಮಗು ಗಟ್ಟಿ ಆಗಲ್ಲ ಕಣೇ. ನನ್ನ ಮಕ್ಳೆಲ್ಲ ಇದನ್ನೇ ತಿಂದು ಬೆಳೆದಿದ್ದು," ಅಂದಿದ್ದಳು. ನಾರ್ವೆಯಿಂದ ಬಂದು ಅಮೆರಿಕದ ಮಿನೆಸೋಟದ ಬಯಲಲ್ಲಿ ಬೇರೂರಿದ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು. ಅಲ್ವಿನಾಳೂ ಬೇಡವೆಂದಿರಲಿಲ್ಲ.

"ಏನು ತಿನ್ನಿಸಿದ್ರಿ?" ಎಂದು ಡಾಕ್ಟರು ಕೈ ಒರೆಸಿಕೊಳ್ಳುತ್ತ ಕೇಳಿದಾಗ ರಾಗ್ನಾ ಒಲೆಯ ಕಡೆ ತಿರುಗಿಕೊಂಡಳು.

ಮುಂದೆ ಹಾರ್ಲನ್ ಹುಟ್ಟಿದ. ಊರೂರು ತಿರುಗುವ ನರ್ಸ್ ಬಂದು ಹೇಳಿಹೋದಳು: ಹಾಲು ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ, ನಡುವೆ ಅತ್ತರೆ ಎತ್ತಿಕೊಳ್ಳಬಾರದು, ಎತ್ತಿದರೆ ಹಟ ಕಲಿಯುತ್ತದೆ. ಅಲ್ವಿನಾ ಅದನ್ನು ವ್ರತದಂತೆ ಹಿಡಿದಳು. ಮಗು ಕಿರುಚಿ ಕೆಂಪಾಗುತ್ತಿತ್ತು. ಅವಳ ಎದೆ ಜಿನುಗಿ ಅಂಗಿ ಒದ್ದೆಯಾಗುತ್ತಿತ್ತು. ಆದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

"ಹಸಿವು ಕಣೇ ಅದಕ್ಕೆ," ರಾಗ್ನಾ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದಳು.

"ನಿಮ್ಮ ಮಾತು ಒಂದ್ಸಲ ಕೇಳಿದ್ದು ಸಾಕು, ಅತ್ತೆ."

ಮುದುಕಿ ಕೋಳಿಗಳಿಗೆ ಕಾಳು ಹಾಕಲು ಹೋದಳು.

ಗಂಡ ನೆಲ್ಸ್‌ಗೆ ತಡೆಯಲಾಗಲಿಲ್ಲ. "ಸಿಗ್ನಿ ಹೋದ ವಾರಾನೇ ಪಕ್ಕದ ಟ್ವೇಟನ್ ಮನೆ ಕೂಸೂ ಅದೇ ಭೇದಿಗೆ ಹೋಯ್ತಲ್ಲ. ಅದು ಗಂಜಿ ಮುಖಾನೇ ನೋಡಿರ್ಲಿಲ್ಲ."

"ಗೊತ್ತು."

"ಗೊತ್ತಿದ್ದೂ ಅಮ್ಮನ್ನ ಹೀಗೆ ಸುಡ್ತೀಯಲ್ಲ."

"ಅವರಲ್ಲ ಅಂದ್ರೆ ಮತ್ಯಾರು ಹೇಳು? ಬೇಡ ಅನ್ನದೆ ಪಕ್ಕದಲ್ಲೇ ಕೂತು ನೋಡ್ತಿದ್ದವಳು ನಾನು."

ಹಿಮ ಬೀಳುವಷ್ಟರಲ್ಲಿ ಅಲ್ವಿನಾಳ ಹಾಲು ಬತ್ತುತ್ತ ಬಂತು. ಹಾರ್ಲನ್ ಸೊರಗಿದ. ಆಮೇಲೆ ಅಳುವುದನ್ನೇ ಬಿಟ್ಟ. ಗೋಡೆ ನೋಡುತ್ತ ಸುಮ್ಮನೆ ಮಲಗಿರುತ್ತಿದ್ದ.

"ನೋಡಿ, ಬುದ್ಧಿ ಕಲಿತ," ಎಂದು ನರ್ಸ್ ಮೆಚ್ಚಿದಳು. ನರ್ಸಿನ ಕಾರು ತಿರುವು ದಾಟಿದ್ದೇ ತಡ, ಅಲ್ವಿನಾ ಮಗುವನ್ನು ಬಾಚಿಕೊಂಡು ಅಡುಗೆಮನೆಗೆ ಓಡಿದಳು.

"ಅತ್ತೆ, ಇವನಿಗೇನಾದ್ರೂ ಮಾಡಿಕೊಡಿ."

ರಾಗ್ನಾ ಹಸುವಿನ ಹಾಲನ್ನು ಮತ್ತೆ ಮತ್ತೆ ಕುದಿಸಿದಳು. ಕಾದಾರಿದ ನೀರು ಬೆರೆಸಿ, ಚಿಟಿಕೆ ಸಕ್ಕರೆ ಹಾಕಿದಳು. ಚಮಚ ಎತ್ತಿದ ಕೈ ಮಗುವಿನ ತುಟಿಯ ಹತ್ತಿರ ಬಂದು ನಿಂತುಬಿಟ್ಟಿತು. ಹಾಲು ಚೆಲ್ಲಿತು.

"ನೀನೇ ಕುಡಿಸು ಮಗಳೇ. ನನ್ನ ಕೈ ಬೇಡ."

"ಅತ್ತೆ, ಟ್ವೇಟನ್ ಮನೆ ಕೂಸು..."

"ಗೊತ್ತು. ಸತ್ತ ಮೇಲೆ ಅದರ ಮೈ ತೊಳೆದವಳೇ ನಾನು. ಆದ್ರೂ ಸಿಗ್ನಿ ಕೊನೇಲಿ ತಿಂದಿದ್ದು ನನ್ನ ಕೈಯಿಂದ."

ಅಲ್ವಿನಾ ಚಮಚ ತೆಗೆದುಕೊಂಡಳು. ಮಗು ಚಪ್ಪರಿಸುತ್ತ ಕುಡಿಯಿತು. ಇಬ್ಬರೂ ಅತ್ತರು, ಒಬ್ಬರ ಮುಖ ಒಬ್ಬರು ನೋಡದೆ.

ಹಾರ್ಲನ್ ಬದುಕಿದ, ವಸಂತಕ್ಕೆಲ್ಲ ಮೈಕೈ ತುಂಬಿಕೊಂಡ. ಅಜ್ಜಿ ಅವನನ್ನು ಎತ್ತಿದಳು, ಆಡಿಸಿದಳು, ಸೊಂಟದ ಮೇಲೆ ಕೂರಿಸಿಕೊಂಡು ಕೊಟ್ಟಿಗೆಯೆಲ್ಲ ತಿರುಗಿದಳು. ಆದರೆ ಅವನು ಅವಳ ತಟ್ಟೆಗೆ ಕೈ ಚಾಚಿದಾಗಲೆಲ್ಲ, ತಟ್ಟೆಯನ್ನು ಸದ್ದಿಲ್ಲದೆ ಸೊಸೆಯ ಮುಂದಕ್ಕೆ ಸರಿಸುತ್ತಿದ್ದಳು.