ಹೆಂಗಸರ ಕಡೆಯ ಚೀರಾಟ

1987ರ ಬೇಸಿಗೆಯಲ್ಲಿ ಮಸ್ಕಿಯ ಟೂರಿಂಗ್ ಟಾಕೀಸಿಗೆ ಬಂದ ದೆವ್ವದ ಸಿನಿಮಾದಲ್ಲಿ ದೆವ್ವ ಇರಲಿಲ್ಲ. ಪೋಸ್ಟರಿನಲ್ಲಿ ಮಾತ್ರ ಇತ್ತು. ಚಿತ್ರ ತೆಲುಗಿನದು. ಗಂಡನೊಬ್ಬ ತನ್ನ ಹೆಂಡತಿಗೆ ಹುಚ್ಚು ಹಿಡಿದಿದೆ ಎಂದು ಮನೆಯವರನ್ನೆಲ್ಲ ನಂಬಿಸುತ್ತಾನೆ. ಸಾರಿಗೆ ತಾನೇ ಎರಡನೇ ಸಲ ಉಪ್ಪು ಸುರಿಯುತ್ತಾನೆ, ಬೀಗದ ಕೀಲಿಯನ್ನು ತಾನೇ ಬಚ್ಚಿಡುತ್ತಾನೆ. ಕೊನೆಯವರೆಗೂ ಇಷ್ಟೇ.

ಮೊದಲ ದಿನ ಆಟ ಬಿಟ್ಟಾಗ ಜನ ಬೈಯುತ್ತಲೇ ಹೊರಬಂದರು.

"ದೆವ್ವ ಎಲ್ಲೈತಲೇ? ಸಾರಿಗೆ ಉಪ್ಪು ಜಾಸ್ತಿ ಆದ್ರ ನಮ್ಮ ಮನಿಯಾಗ ನಾನೇ ದೆವ್ವ ಆಗತೀನಿ. ಅದನ್ನ ನೋಡಾಕ ಟಿಕೀಟು ಬೇರೆ!"

ಟಾಕೀಸಿನ ಮಾಲೀಕ ಕನಕರಾಯ ಎಲೆಯಡಿಕೆ ಜಗಿಯುತ್ತ ಕೇಳಿಸಿಕೊಂಡ. ಸುಣ್ಣದ ಬೆರಳನ್ನು ಕುರ್ಚಿಯ ಕೈಗೆ ಒರೆಸಿದ. ಆ ಕುರ್ಚಿಯ ಕೈ ಬೆಳ್ಳಗೆ ಕಲ್ಲುಗಟ್ಟಿತ್ತು.

"ಖರೇ ಅಂದ್ರ ಇದು ಭಾಳ ಅಂಜಿಕಿ ಸಿನಿಮಾ ಐತ್ರಿ ಸಾವುಕಾರ್ರ," ಎಂದ ಪ್ರೊಜೆಕ್ಟರ್ ನಡೆಸುವ ಅಲ್ಲಾಭಕ್ಷ್. "ಆಕಿ ಇದ್ದದ್ದು ಇದ್ದಂಗ ಹೇಳತಾಳ, ಯಾರೂ ನಂಬಂಗಿಲ್ಲ. ಹೇಳಿದಷ್ಟೂ ಹುಚ್ಚಿ ಅಂತಾರ. ನಾನಂತೂ ನೋಡಲಾರದ ಮಾರಿ ತಿರುವಿದೆ."

"ನೀ ಮಾರಿ ತಿರುವಿದ್ರ ಟೆಂಟು ತುಂಬತೈತೇನಲೇ? ಪರದೆ ಮ್ಯಾಲಿಂದಕ್ಕ ಯಾವನೂ ಅಂಜಂಗಿಲ್ಲ. ಬಾಜೂಕ ಕುಂತಾಕಿ ಚೀರಬೇಕು, ಆಗ ಅಂಜತಾರ."

ಹೀಗೆಂದು ಅವನು ಗದ್ದೆಮ್ಮನನ್ನು ಕರೆದ. ಟೆಂಟಿನಲ್ಲಿ ಹೆಂಗಸರು ಕೂರುವ ಕಡೆಗೆ ನಡುವೆ ಬಟ್ಟೆ ಕಟ್ಟಿ ಬೇರೆ ಬಾಗಿಲು ಇಟ್ಟಿದ್ದರು. ಆ ಬಾಗಿಲಲ್ಲಿ ಟಿಕೀಟು ಹರಿಯುವುದು, ಆಟ ಮುಗಿದ ಮೇಲೆ ಕಸ ಗುಡಿಸುವುದು ಅವಳ ಕೆಲಸ. ಗಂಡ ಅಂಬಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದ, ರಜೆಯ ದಿನ ಮನೆಗೆ ಬರುತ್ತಿದ್ದ. ಮನೆಯಲ್ಲಿ ಅತ್ತೆ ಪೀರಮ್ಮ ಮತ್ತು ಮೂರು ವರ್ಷದ ಮಗಳು ಆದಮ್ಮ.

"ಮೈಮ್ಯಾಲೆ ಬಂದೋರಂಗ ಮಾಡಾಕ ಬರತೈತೇನಬೇ?"

ಬರುತ್ತಿತ್ತು. ಅವಳ ತವರು ದಢೇಸುಗೂರು. ಅಲ್ಲಿ ಚಿಕ್ಕಮ್ಮನಿಗೆ ದೆವ್ವ ಬಡಿದಿದೆ ಎಂದು ವರ್ಷವೆಲ್ಲ ಬಡಿದದ್ದನ್ನು ಅವಳು ಹತ್ತಿರದಿಂದ ನೋಡಿದ್ದಳು. ಒಲ್ಲೆನೆಂದರೆ ಕೆಲಸ ಹೋಗುತ್ತಿತ್ತು. ಒಪ್ಪಿದಳು.

ಮರುದಿನ ಸಂಜೆಯ ಆಟದಲ್ಲಿ ಪರದೆಯ ಮೇಲಿನ ಹೆಂಡತಿ ಕೀಲಿ ಹುಡುಕುತ್ತಿದ್ದಾಗ ಗದ್ದೆಮ್ಮ ತುರುಬು ಬಿಚ್ಚಿ ಚೀರಿದಳು. ನೆಲಕ್ಕೆ ಬಿದ್ದು ಹೊರಳಿದಳು. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಓಡಿದರು. ಗಂಡಸರು ನಡುವಿನ ಬಟ್ಟೆ ಎತ್ತಿ ಒಳಗೆ ನುಗ್ಗಿದರು. ಹಿಡಿಯುವ ನೆಪದಲ್ಲಿ ಮುಟ್ಟಬಾರದ ಕಡೆಯೆಲ್ಲ ಮುಟ್ಟಿದರು. ಒಬ್ಬ ಅವಳ ತೋಳನ್ನು ಒತ್ತಿ ಹಿಡಿದುಕೊಂಡೇ ಶೇಂಗಾ ಜಗಿಯುತ್ತಿದ್ದ. ಸಿಪ್ಪೆ ಅವಳ ಮುಖದ ಮೇಲೆ ಉದುರಿತು.

ಮಾರನೆಯ ದಿನದಿಂದ ಟೆಂಟು ತುಂಬಿತು. ಸಿನಿಮಾ ನೋಡುವವರಿಗಿಂತ ಬಟ್ಟೆ ಎತ್ತಿ ಹೆಂಗಸರ ಕಡೆ ನೋಡುವವರೇ ಹೆಚ್ಚಾದರು.

ಸುದ್ದಿ ಪೀರಮ್ಮನಿಗೆ ಮುಟ್ಟುವುದು ತಡವಾಗಲಿಲ್ಲ. ಗದ್ದೆಮ್ಮ ಮುಚ್ಚಿಡದೆ ಹೇಳಿದಳು.

"ಅತ್ತಿ, ಅದು ಸೋಗು. ಸಾವುಕಾರ್ರು ಮಾಡು ಅಂದ್ರು, ಮಾಡೀನಿ."

"ದೆವ್ವ ಯಾವತ್ತಾರ ನಾ ದೆವ್ವ ಅಂತ ಹೇಳತೈತೇನು?" ಎಂದು ಪೀರಮ್ಮ ಮೊಮ್ಮಗಳನ್ನು ಕಂಕುಳಿಗೆ ಏರಿಸಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು. ಅಲ್ಲಿ ಅವಳ ಮಗಳ ಮನೆ ಇತ್ತು. ಕೂಸನ್ನು ಅಲ್ಲಿ ಬಿಟ್ಟು ಒಬ್ಬಳೇ ಬಂದಳು. "ಅದು ಮೈಬಿಟ್ಟು ಹೋಗೋತನಕ ಕೂಸು ನಿನ್ನ ಕೈಗಿಲ್ಲ."

ಅಂಬಪ್ಪ ಹಟ್ಟಿಯಿಂದ ಬಂದಾಗ ಗದ್ದೆಮ್ಮ ಅವನ ಕಾಲು ಹಿಡಿದಳು. "ಸಾವುಕಾರ್ರ ಬಾಯಿಲೆ ಕೇಳು. ಅವರು ಹೇಳಿದ್ರ ಅತ್ತಿ ನಂಬತಾಳ. ಕೂಸು ಬರತೈತಿ."

ಅಷ್ಟರಲ್ಲಿ ಟೆಂಟು ಸಿಂಧನೂರಿಗೆ ಹೋಗಿತ್ತು. ಗಂಡ ಹೆಂಡತಿ ಬಸ್ಸಿಳಿದಾಗ ಜಟಕಾದಲ್ಲಿ ಮೈಕು ಕೂಗುತ್ತಿತ್ತು: "ಮಸ್ಕಿಯಲ್ಲಿ ಹೆಣ್ಣುಮಗಳ ಮೈಮೇಲೆ ಬಂದ ಚಿತ್ರ! ಗರ್ಭಿಣಿಯರು ಬರಬೇಡಿ!"

ಕನಕರಾಯ ಮಿರ್ಚಿ ಭಜಿ ತಿನ್ನುತ್ತಿದ್ದ. ಅಂಬಪ್ಪ ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ಗಲ್ಲದ ಮೇಲೆ ಎಣ್ಣೆ ಇಳಿಯುತ್ತಿತ್ತು.

"ಏನಪಾ ಅಂಬಪ್ಪ, ಚೀರು ಅಂತ ನಾ ಯಾಕ ಹೇಳಲಿ? ಪಾಪ, ಹಿಂಗ ಏನೇನೋ ಅನ್ನಾಕತ್ತಾಳೇನು? ಚಲೋತ್ನಂಗ ನೋಡಿಕೋಪಾ."

ರೀಲಿನ ಪೆಟ್ಟಿಗೆಯ ಹತ್ತಿರ ನಿಂತಿದ್ದ ಅಲ್ಲಾಭಕ್ಷ್ ಬಾಯಿ ತೆರೆದ. ಕನಕರಾಯ ಅವನತ್ತ ನೋಡಿದ. ಅಲ್ಲಾಭಕ್ಷ್ ರೀಲು ಸುತ್ತಲು ಕುಳಿತ.

ಹೊರಡುವಾಗ ಕನಕರಾಯ ಒಂದು ಭಜಿಯನ್ನು ಪೇಪರಿನಲ್ಲಿ ಸುತ್ತಿ ಗದ್ದೆಮ್ಮನ ಕೈಯಲ್ಲಿಟ್ಟ. ಅವಳು ಅದನ್ನು ಕಾಲುವೆಗೆ ಎಸೆದು ಕೈಯನ್ನು ಮಣ್ಣಿಗೆ ತಿಕ್ಕಿದಳು. ಹೆಂಡತಿ ಒಳ್ಳೇ ಭಜಿ ಎಸೆದದ್ದನ್ನು ಅಂಬಪ್ಪ ನೋಡಿದ. ಬಸ್ಸಿನಲ್ಲಿ ದೂರ ಕುಳಿತ.

ಮನೆಗೆ ಬಂದ ಗದ್ದೆಮ್ಮ ಗಂಡ, ಅತ್ತೆ ಇಬ್ಬರನ್ನೂ ಅಂಗಳದಲ್ಲಿ ಕೂರಿಸಿದಳು. "ನೋಡ್ರಿ, ಈಗ ಮಾಡತೀನಿ, ನಾನಾಗೇ ನಿಲ್ಲಿಸ್ತೀನಿ," ಎಂದು ಕೂದಲು ಬಿಚ್ಚಿ ಚೀರಿದಳು. ಹೊರಳಿದಳು. ತಟ್ಟನೆ ಎದ್ದು ಕುಳಿತು, ತಂಬಿಗೆಯಿಂದ ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡಳು. "ತಿಳೀತಾ? ಇಷ್ಟ ಅದು."

ಅಂಬಪ್ಪ ಗೋಡೆಗೆ ಅಂಟಿಕೊಂಡಿದ್ದ.

"ಯವ್ವಾ," ಎಂದ ತಾಯಿಗೆ, ದನಿ ತಗ್ಗಿಸಿ. "ಬೇಕಂದಾಗ ಬರತೈತಿ, ಬ್ಯಾಡಂದಾಗ ಹೋಗತೈತಿ. ಇದು ಸಣ್ಣದಲ್ಲ."

ಗದ್ದೆಮ್ಮನಿಗೆ ಆಗ ಅರ್ಥವಾಯಿತು. ಇನ್ನು ಏನು ಹೇಳಿದರೂ ಅದನ್ನು ಹೇಳುವವಳು ತಾನಲ್ಲ. ಅತ್ತರೂ ಅದು, ನಕ್ಕರೂ ಅದು, ಸುಮ್ಮನಿದ್ದರೂ ಅದೇ. ದೆವ್ವ ಬಿಟ್ಟಿತು ಎಂದು ಇವರಿಗೆ ಕಾಣುವವರೆಗೆ ಆದಮ್ಮ ಲಿಂಗಸುಗೂರಿನಲ್ಲೇ. ಹಾಗಾದರೆ ಅದು ಬಿಡಬೇಕು.

"ದೆವ್ವ ಬಿಡಿಸೋರನ್ನ ಕರೀರಿ," ಎಂದಳು.

ಬಳಗಾನೂರಿನ ಕಡೆಯ ಹಳ್ಳಿಯೊಂದರಿಂದ ಮುದುಕನೊಬ್ಬ ಬಂದ. ಓಣಿಯೇ ಅಂಗಳದಲ್ಲಿ ನೆರೆಯಿತು. ಒಣಮೆಣಸಿನಕಾಯಿ ಸುಟ್ಟು ಮೂಗಿಗೆ ಹಿಡಿದರು. ಮುದುಕ ತನ್ನ ಕಾಲಿನ ಚಪ್ಪಲಿಯನ್ನೇ ತೆಗೆದು ಅವಳ ಹಲ್ಲಿಗೆ ಕಚ್ಚಿಸಿದ. ಬೆವರು, ಸಗಣಿ, ಹಳೇ ತೊಗಲು. ಚಪ್ಪಲಿಯ ಅಟ್ಟೆ ಅವಳ ನಾಲಿಗೆಗೆ ಅಂಟಿತು. ಸುತ್ತಲೂ ಟೆಂಟಿನಲ್ಲಿ ಕಂಡ ಮುಖಗಳೇ, ಟೆಂಟಿನಲ್ಲಿ ಕಂಡ ಕಣ್ಣುಗಳೇ. ಯಾರೋ ಮುಂದಿನವರಿಗೆ, "ಕುಂದರ್ರೋ, ಹಿಂದಿನೋರಿಗೆ ಕಾಣವಲ್ದು," ಎಂದರು.

ದೆವ್ವ ತಾನು ಹಿಡಿದ ಜಾಗ ಹೇಳಬೇಕು, ಹೋಗುವ ಜಾಗವನ್ನೂ ಹೇಳಬೇಕು. ಅದಿಲ್ಲದೆ ಬಿಟ್ಟಿತೆಂದು ಯಾರೂ ಒಪ್ಪುವುದಿಲ್ಲ. ದಢೇಸುಗೂರಿನ ಚಿಕ್ಕಮ್ಮ ಒಂದೂ ಹೇಳದೆ ಸತ್ತಿದ್ದಳು.

"ಎಲ್ಲಿ ಹಿಡಿದಿ ಈಕಿನ್ನ?" ಮುದುಕ ಚಪ್ಪಲಿ ಹೊರಗೆಳೆದು ಕೇಳಿದ.

"ಟಾಕೀಸಿನ್ಯಾಗ."

"ಎಲ್ಲಿಗೆ ಹೋಗತಿ?"

"ಕನಕರಾಯನ ಮೈಯಾಗ."

ಗದ್ದೆಮ್ಮ ನೆಲಕ್ಕೆ ಬಿದ್ದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತನ್ನ ದನಿಯಲ್ಲಿ ನೀರು ಕೇಳಿದಳು. ಪೀರಮ್ಮ ಅಳುತ್ತ ತಾನೇ ಕುಡಿಸಿದಳು. ಮರುದಿನ ಆದಮ್ಮ ಮನೆಗೆ ಬಂದಳು.

ಸುದ್ದಿ ಬಸ್ಸಿನಲ್ಲಿ ಸಿಂಧನೂರಿಗೆ ಹೋಯಿತು. ಅಲ್ಲಿ ಹೆಂಗಸರು ಟೆಂಟಿನ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಕನಕರಾಯ ಸಿಟ್ಟಿನಿಂದ ಕೂಗಾಡಿದ. "ದೆವ್ವ ಹೇಳಿದ್ದು ಖರೇ, ನೋಡು ಹೆಂಗ ಕೂಗತೈತಿ," ಎಂದರು ಜನ. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು.

ಕೊನೆಗೆ ಅವನೇ ಮಸ್ಕಿಗೆ ಬಂದ. ಗಡ್ಡ ಬೆಳೆದಿತ್ತು. ಅಂಗಳದಲ್ಲಿ ನಿಂತು ಕೈ ಮುಗಿದ. ಹಿಂದೆ ಅರ್ಧ ಊರು ಬಂದಿತ್ತು.

"ಗದ್ದೆಮ್ಮ, ಖರೇ ಹೇಳವ್ವ. ನಾನೇ ಚೀರು ಅಂತ ಹೇಳಿದ್ದೆ. ನೀ ಬರೇ ಸೋಗು ಮಾಡಿದಿ. ಇವರಿಗೆ ಒಂದು ಮಾತು ಹೇಳು."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆದಮ್ಮ ತಾಯಿಯ ತೊಡೆಯ ಮೇಲಿದ್ದಳು. ಪಕ್ಕದಲ್ಲಿ ಕುಳಿತಿದ್ದ ಪೀರಮ್ಮ ಸೊಸೆಯ ಮುಖವನ್ನೇ ನೋಡುತ್ತ ಕೂಸಿನ ಕಡೆಗೆ ಮೆಲ್ಲಗೆ ಕೈ ಚಾಚಿದಳು.

"ಯಾರ್ರೀ ಇವರು?" ಎಂದಳು ಗದ್ದೆಮ್ಮ. "ನನಗ ಏನೂ ನೆನಪಿಲ್ಲ."

ಪೀರಮ್ಮನ ಕೈ ಹಿಂದೆ ಸರಿಯಿತು. ಗುಂಪಿನಲ್ಲಿ ಒಬ್ಬ ಬಗ್ಗಿ ಕಾಲಿನ ಚಪ್ಪಲಿ ಬಿಚ್ಚತೊಡಗಿದ.

ಗದ್ದೆಮ್ಮ ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಂಗಳದಿಂದ ಏಟಿನ ಸದ್ದು, ಕೂಗು ಕೇಳಿಸಿತು. ಅವಳು ಗೋಡೆ ಹಿಡಿದು ವಾಂತಿ ಮಾಡಿದಳು. ಮಗು ಕಣ್ಣರಳಿಸಿ ನೋಡುತ್ತಿತ್ತು. ಗದ್ದೆಮ್ಮ ಬಾಯಿ ತೊಳೆದುಕೊಂಡು, ವಾಂತಿಯ ಮೇಲೆ ಕಾಲಿನಿಂದ ಮಣ್ಣೆಳೆದು ಮುಚ್ಚಿದಳು.

"ಅಜ್ಜಿಗ ಹೇಳಬ್ಯಾಡ ಹಾಂ," ಎಂದಳು. "ಹೇಳಿದ್ರ ಮತ್ತ ನಿನ್ನ ಲಿಂಗಸುಗೂರಿಗೆ ಒಯ್ಯತಾಳ. ಅವ್ವ ವಾಂತಿ ಮಾಡಿದ್ದು ಯಾರಿಗೂ ಹೇಳಬ್ಯಾಡ."