ಎರಡು ಸುತ್ತಿಗೇ ನಿಲ್ಲುವ ಕಪ್

ಎರಡು ಸುತ್ತು ಹೋಗಿ ಮತ್ತೆ ನಿಂತಿತು, ಅದೇ ಸದ್ದು, ಅನ್ನದಲ್ಲಿ ಹರಳು ಕಡಿದಂತೆ, ಲೇತಿನ ಕಲ್ಯಾಣಪ್ಪ ಪಾನಾ ಹಿಡಿದು ಸೈಕಲ್ಲಿನ ಕಪ್ಪನ್ನು ಹಿಂದಕ್ಕೆ ತಿರುಗಿಸುತ್ತ ಇದೂ ಆಗಂಗಿಲ್ರಿ ಬಾಯಾರ ಅನ್ನುತ್ತಿದ್ದಾನೆ, ಅದನ್ನು ಅವನು ಹೇಳಬೇಕೆ, ಗೋದಾವರಿಗೆ ಸದ್ದಿನಲ್ಲೇ ಗೊತ್ತಾಯಿತು, ಹೈದರಾಬಾದಿನ ಕೋಠಿಯಲ್ಲಿ ಕೇಳಿದ ಸದ್ದು, ಗೌಲಿಗುಡದಲ್ಲಿ ಕೇಳಿದ ಸದ್ದು, ಜುಮ್ಮೆರಾತ್ ಬಜಾರಿನಲ್ಲಿ ತಾಡಪತ್ರಿಯ ಮೇಲೆ ತುಕ್ಕಿನ ರಾಶಿ ಹಾಕಿಕೊಂಡು ಕೂತ ಮುದುಕ ಬೈಠ್ ಜಾತಾ ಅಮ್ಮಾ, ಜರಾ ಜೋರ್ ಸೇ ಘುಮಾವ್ ಎಂದಾಗ ಕೇಳಿದ ಸದ್ದು — ಜೋರಾಗಿ ತಿರುಗಿಸಿದರೆ ಕೂರುವ ಹಾಗಿದ್ದರೆ ಎಂದೋ ಕೂತಿರುತ್ತಿತ್ತು, ಅವಳು ಹಲ್ಲು ಕಚ್ಚುವ ಜೋರೊಂದೇ ಸಾಕಿತ್ತು. ಬೇಕಾದದ್ದಾದರೂ ಏನು, ಎರಡು ಪೆಡಲುಗಳ ನಡುವಿನ ಎಕ್ಸಲನ್ನು ಅತ್ತಿತ್ತಲಿಂದ ಹಿಡಿದುಕೊಳ್ಳುವ, ಬಟ್ಟಲಿನಂಥ ಒಂದು ಕಬ್ಬಿಣದ ಚೂರು, ಚಹಾ ಲೋಟದ ಬಾಯಿಯಷ್ಟೂ ಇಲ್ಲ, ಆದರೆ ಈ ಸೈಕಲ್ ಮಾಡಿದ ಇಂಗ್ಲೆಂಡಿನ ಪುಣ್ಯಾತ್ಮರು ಲೋಕಕ್ಕೆಲ್ಲ ಒಂದಳತೆ ತಮಗೊಂದಳತೆ ಎಂದು ಚೌಕಟ್ಟಿನ ಕೊಳವೆಯೊಳಗೆ ಥ್ರೆಡ್ಡನ್ನು ಒಂದೆಳೆ ಸಣ್ಣಗೆ ಕೊರೆದುಬಿಟ್ಟಿದ್ದಾರೆ, ಇಲ್ಲಿ ಮಿಸ್ತ್ರಿಗಳೆಲ್ಲ ಅದಕ್ಕೆ ಚೂಡಿ ಅನ್ನುತ್ತಾರೆ, ಬಳೆ, ಇಲ್ಲಿಯ ಕಪ್ಪಿನ ಚೂಡಿ ದಪ್ಪ, ಎರಡು ಸುತ್ತು ನಂಟಸ್ತಿಕೆ ನಡೆಯುತ್ತದೆ, ಮೂರನೆಯದಕ್ಕೆ ಜಗಳ. ಸರ್ವೆ ಕಚೇರಿಯಲ್ಲಿ ಜೀವಮಾನವೆಲ್ಲ ನಕ್ಷೆ ಎಳೆದವಳು ಅವಳು, ಒಂದೆಳೆ ಗೆರೆ ಆಚೀಚೆಯಾದರೆ ಊರುಗಳು ಕೋರ್ಟು ಹತ್ತಿದ್ದನ್ನು ಕಂಡವಳು, ಆದರೂ ಈ ಒಂದೆಳೆ, ಈ ಹಾಳು ಒಂದೆಳೆ.

ಮೂಲ ಸಾಮಾನೇ ಹಾಕಿಸು, ಬ್ಯಾರೇದು ತುರುಕಬ್ಯಾಡ, ಇದು ಗಂಗಕ್ಕ ಈಚೆಗೆ ಸೈಕಲ್ ಕೊಡುವಾಗ ಹೇಳಿದ್ದು, ತನ್ನ ಬರ್ಕತ್‌ಪುರದ ಮನೆಯ ಮೆಟ್ಟಿಲ ಕೆಳಗಿಂದ ಎಳೆದು ತೆಗೆದು, ಸೆರಗಿನಿಂದ ಸೀಟು ಒರೆಸುತ್ತ, ಕೊಡುತ್ತಿದ್ದಾಳೋ ಕಾಯಲು ಹೇಳುತ್ತಿದ್ದಾಳೋ ತಿಳಿಯದ ದನಿಯಲ್ಲಿ — ಅಪ್ಪ ಸಿಕಂದರಾಬಾದಿನಿಂದ ಈ ಲೇಡೀಸ್ ಸೈಕಲ್ ತಂದದ್ದು ಅಕ್ಕತಂಗಿ ಇಬ್ಬರಿಗೂ ಅಂತಲೇ, ಆದರೆ ಹ್ಯಾಂಡಲ್ ಹಿಡಿದವಳು ಗಂಗಕ್ಕ, ಹಿಂದೆ ಕ್ಯಾರಿಯರ್ ಮೇಲೆ ಇಬ್ಬರ ಪುಸ್ತಕಗಳನ್ನೂ ಅಪ್ಪಿಕೊಂಡು ಕೂತವಳು ಗೋದಾವರಿ, ಕಾಲೇಜು ಮುಗಿಯುವ ತನಕ ಅವಳು ಕಂಡ ಹೈದರಾಬಾದೆಂದರೆ ಅಕ್ಕನ ಬೆನ್ನು, ಅಕ್ಕನ ಜಡೆ, ಎರಡೂ ಬದಿಗೆ ಹಿಂದೆ ಸರಿದುಹೋಗುವ ಅಂಗಡಿಗಳು, ಒಂದ್ಸಲ ನಾ ಹೊಡೀತೀನಿ ಅಕ್ಕಾ, ಬ್ಯಾಡ ನೀ ಬೀಳ್ತಿ, ಬಿದ್ದರ ಬೀಳ್ತೀನಿ, ನೀ ಬಿದ್ದರ ನಡೀತದ, ಸೈಕಲ್ ಬೀಳಬಾರದು. ಈಗ ಅವಳಿರುವ ಮಣಿಕೊಂಡದಲ್ಲಿ ಬೆಳಗಾದರೆ ಹೆಲ್ಮೆಟ್ ಕಟ್ಟಿಕೊಂಡ ಹುಡುಗಿಯರು ಸೈಕಲ್ ಮೇಲೆ ಸುಂಯ್ಯನೆ ಗಚ್ಚಿಬೌಲಿ ಕಡೆಗೆ ಹೋಗುತ್ತಾರೆ, ಅವರಲ್ಲೊಬ್ಬಳು ನಿಂತು, ಆಂಟೀ ಹೊಸದು ಕೊಂಡುಬಿಡಿ ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದಳು, ಹೊಸದಕ್ಕಾಗಿಯೇ ಏನು ಗೋದಾವರಿ ಈ ವಯಸ್ಸಿನಲ್ಲಿ ವಾಚ್‌ಮನ್‌ನ ಸೈಕಲ್ ಬೇಡಿ ತಂದು ಖಾಲಿ ಪ್ಲಾಟಿನಲ್ಲಿ ಮೊಣಕಾಲು ತರಚಿಸಿಕೊಂಡು ಕಲಿತದ್ದು, ಹೊಸದು ಯಾರಿಗೆ ಬೇಕು, ಇದೇ ಬೇಕು, ಇದರ ಹ್ಯಾಂಡಲ್ಲೇ ಕೈಗೆ ಬೇಕು.

ಬಾಯಾರ, ಕೇಳಾಕತ್ತೀರೇನ್ರಿ, ಕಲ್ಯಾಣಪ್ಪ ಕೈ ಒರೆಸಿಕೊಳ್ಳುತ್ತಿದ್ದಾನೆ, ಒಳಗಿನ ಹಳೇ ಚೂಡಿ ಪೂರಾ ಕೊರದು ತೆಗೀತೀನ್ರಿ, ಬುಷ್ ಕೂಡಸ್ತೀನಿ, ಒಳಗೊಂದು ಸಣ್ಣ ಕೊಳವಿ ಇದ್ದಂಗ, ಅದಕ್ಕ ಇಲ್ಲೀ ಚೂಡಿ ಹಾಕಿದರ ಯಾವ ಅಂಗಡಿ ಕಪ್ಪಾದರೂ ಕುಂದರತದ. ಮತ್ತ ಮೂಲದ್ದು? ಅದು ಹೋದಂಗರಿ, ಮತ್ತ ಬರಂಗಿಲ್ಲ. ಕೊಳವಿ ಮುಟ್ಟಬ್ಯಾಡ್ರಿ, ಆ ಚೂಡಿಗೆ ಹೊಂದೋ ಕಪ್ ನೀವ ಮಾಡಿಕೊಡ್ರಲ್ಲ, ಅನ್ನುತ್ತಾಳೆ. ಮಾಡಬಹುದ್ರಿ, ಬೇರಿಂಗ್ ಬಾಲ್ ಓಡೋ ಜಾಗ ಅಷ್ಟು ಗಟ್ಟಿ ಬರಂಗಿಲ್ಲ, ನಾಕ ದಿನಕ್ಕ ಸವೀತದ, ನಾಳಿ ಮತ್ತ ಬಂದ್ ಐತಿ, ಶೆಡ್ ತೆಗಿಯಂಗಿಲ್ಲ, ಆಮ್ಯಾಲ ಫ್ಯಾಕ್ಟರಿ ಕೆಲಸ ಬರತಾವ, ಇವತ್ತ ಹೇಳಿಬಿಡ್ರಿ. ಮಣಿಕೊಂಡದಿಂದ ನಾಚಾರಂನ ಈ ಶೆಡ್ ತನಕ ಆಟೋದಲ್ಲಿ ಚೌಕಟ್ಟನ್ನು ತೊಡೆಯ ಮೇಲೆ ಹೊತ್ತು, ಅಸೆಂಬ್ಲಿ ಬಂದೋಬಸ್ತಿನಲ್ಲಿ ಸಿಕ್ಕಿಕೊಂಡು, ಪೊಲೀಸನಿಂದ ಇದೇನಮ್ಮಾ ಅನ್ನಿಸಿಕೊಂಡು ಬಂದದ್ದು ಇದಕ್ಕೇ, ಇವತ್ತ ಹೇಳಿಬಿಡ್ರಿ — ಅವನು ಕೊಳವೆಯೊಳಗೆ ಟಾರ್ಚು ಬಿಡುತ್ತಾನೆ, ಇಲ್ಲಿ ನೋಡ್ರಿ, ಮೊದಲಿನ ಚೂಡಿ ಜಜ್ಜಿ ಹೋಗ್ಯಾವ, ಇದು ನಾವು ಮಾಡಿದ್ದಲ್ರಿ, ಜಜ್ಜಿದ್ದರ ಮ್ಯಾಲ ತುಕ್ಕು ಹಿಡದೈತಿ, ಯಾರೋ ಮೊದಲ ಬ್ಯಾರೇ ಕಪ್ ಬಡದು ತುರುಕ್ಯಾರ.

ಫೋನಿನಲ್ಲಿ ಗಂಗಕ್ಕನ ಮನೆಯ ಟಿವಿ ಕೂಗುತ್ತಿದೆ, ಯಾರು ತುರುಕಿದ್ದು ಅಕ್ಕಾ ಎಂದು ಕೇಳಿದ್ದಕ್ಕೆ ಗಂಗಕ್ಕ ಟಿವಿ ಆರಿಸಿದಳು. ನಾನ. ಯಾವಾಗ? ಹೋದ ವರ್ಷ, ಕಣ್ಣಿನ ಆಪರೇಷನ್ ಆದಮ್ಯಾಲ, ರಸ್ತಾ ಎಲ್ಲಾ ಭಾಳ ಛಂದ ಕಾಣಾಕತ್ತಿತ್ತು, ಒಂದ್ಸಲ ಹೊಡದು ನೋಡೂಣು ಅನಸ್ತು, ಓಣಿ ಮೂಲೀ ಮಿಸ್ತ್ರಿ ಸುತ್ತಿಗಿ ತಗೊಂಡು ಬಡದ, ಆಗಲಿಲ್ಲ. ಮತ್ತ ನನಗ ಮೂಲ ಸಾಮಾನು ಅಂತ ಯಾಕ ಹೇಳಿದಿ? ಮತ್ತೇನ ಹೇಳ್ಲಿ, ನಾ ಕೆಡಿಸೀನಿ ಅಂತ ಹೇಳಲೇನು? — ಅಲ್ಲೂ ಮೊದಲು ಅಕ್ಕನೇ, ಕೆಡಿಸುವುದರಲ್ಲೂ ಮೊದಲು ಅಕ್ಕನೇ, ಇಷ್ಟು ದಿನ ಊರೆಲ್ಲ ಅಲೆಸಿದಳು, ಅಂದುಕೊಳ್ಳುವಾಗಲೇ ಕಣ್ಣಿಗೆ ಕಟ್ಟುತ್ತದೆ, ಅವತ್ತು ಬರ್ಕತ್‌ಪುರದ ಬೀದಿಯ ಕೊನೆಯಲ್ಲಿ ಗಂಗಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಮಿಸ್ತ್ರಿಯ ಸುತ್ತಿಗೆಯನ್ನೇ ನೋಡುತ್ತ ನಿಂತಿದ್ದಾಳೆ, ಒಬ್ಬಳೇ, ತಂಗಿಯನ್ನು ಕರೆಯದೆ. ಕೊರದು ತೆಗೀತಾನಂತ ಅಕ್ಕಾ, ಮತ್ತ ಹಳೇದು ಎಂದೂ ಕುಂದರಂಗಿಲ್ಲ. ನನ್ನೇನು ಕೇಳ್ತಿ ಗೋದಾ, ಹತ್ತಾಕಿ ನೀ.

ಕೊರೀರಿ ಎಂದಳು ಗೋದಾವರಿ, ದನಿ ಜೋರಾಯಿತು, ಪಕ್ಕದ ಶೆಡ್ಡಿನವನು ತಿರುಗಿ ನೋಡಿದ, ಕಲ್ಯಾಣಪ್ಪ ಚೌಕಟ್ಟನ್ನು ಬಿಗಿದ, ಮೋಟಾರು ಗುಂಯ್‌ಗುಟ್ಟಿತು, ಮೊದಲು ಕೆಂಪು ಪುಡಿ, ಬರೀ ತುಕ್ಕು, ನಿಲ್ಲಿಸಿ ಅನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಕೊಳವೆಯ ಬಾಯಿಂದ ಬೆಳ್ಳಗಿನದೊಂದು ಹೊರಳಿ ಹೊರಳಿ ಬಂತು, ಇಷ್ಟು ವರ್ಷ ಒಳಗೆ ಇಷ್ಟು ಬೆಳ್ಳಗಿತ್ತೇ ಇದು, ಕಬ್ಬಿಣದ ಒಂದು ಸುರುಳಿ, ಹೊಗೆಯಾಡುತ್ತ, ಚಪ್ಪಲಿಯ ತುದಿಗೆ ಬಿದ್ದು, ಬಿಸಿ, ಹೊಳೆಯುವ ಒಂದು ಸುರುಳಿ, ಮತ್ತೊಂದು ಸುರುಳಿ —