ಹಲಗೆಯ ಮೇಲಿನ ನಲವತ್ತಾರು

ಟೈಲರಮ್ಮನ ಹೊಲಿಗೆ ಅಂಗಡಿಯ ಎದುರಿಗೇ ನೋಟಿನಜ್ಜನ ಅಂಗಡಿ. ಹೊರದೇಶದ ನೋಟು ಪಡೆದು ನಮ್ಮ ನೋಟು ಕೊಡುವುದು ಅಜ್ಜನ ಕಸುಬಾಗಿತ್ತು. ಗಾಜಿನ ಹಿಂದೆ ಒಂದು ಕರಿ ಹಲಗೆ. ದಿನಾ ಬೆಳಿಗ್ಗೆ ತಗಡಿನ ಅಂಕಿಗಳನ್ನು ಮೊಳೆಗೆ ಸಿಕ್ಕಿಸಿ ಅವತ್ತಿನ ದರ ತೋರಿಸುತ್ತಿದ್ದ. ಇಡೀ ಬೀದಿಗೆ ಆ ಹಲಗೆ ಹೇಳಿದ್ದೇ ದರ. ಅಜ್ಜ ತೀರಿಕೊಂಡು ಹನ್ನೆರಡು ವರ್ಷವಾಯಿತು. ಮಕ್ಕಳು ಪಾಲಿಗಾಗಿ ಕೋರ್ಟು ಹತ್ತಿದರು. ಬೀಗ ತುಕ್ಕು ಹಿಡಿಯಿತು, ಹಲಗೆ ಬೋಳಾಗಿ ನಿಂತಿತು.

ಈ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ನೋಡಿದರೆ ಹಲಗೆಯ ಮೇಲೆ ನಲವತ್ತು ಎಂದಿತ್ತು.

"ಮಕ್ಕಳು ರಾಜಿಯಾಗಿರ್ಬೇಕು, ಅಂಗಡಿ ತೆಗೀತಾರೆ" ಎಂದು ಟೈಲರಮ್ಮ ಹಿಗ್ಗಿದಳು. ಹಿಗ್ಗದೆ ಇರುತ್ತಾಳೆಯೇ? ಹೊರದೇಶದಲ್ಲಿ ದುಡಿಯುವ ತಮ್ಮ ಕೊಟ್ಟುಹೋದ ನೋಟುಗಳು ಬೀರುವಿನಲ್ಲಿ ಒಂದು ಲಕೋಟೆ ತುಂಬ ಇದ್ದವು. ಅವು ಅವಳ ಹತ್ತು ವರ್ಷದ ಮಗಳ ಕಿವಿಗೆಂದು ಬಂದ ನೋಟುಗಳು. ಎರಡೂ ಕಿವಿಯ ತಮಟೆ ತೂತಾಗಿ, ಪಕ್ಕದಲ್ಲಿ ನಿಂತು ಕೂಗಿದರೂ ಹುಡುಗಿಗೆ ಅರ್ಧವೂ ಕೇಳಿಸುತ್ತಿರಲಿಲ್ಲ. ಇಪ್ಪತ್ತನೇ ತಾರೀಕಿನೊಳಗೆ ಆಪರೇಷನ್ನಿಗೆಂದು ಆಸ್ಪತ್ರೆಗೆ ಹಣ ಕಟ್ಟಬೇಕು. ಕಟ್ಟದಿದ್ದರೆ ಅವಳ ಸರದಿ ಬೇರೆಯವರ ಪಾಲು, ಮತ್ತೆ ಒಂದು ವರ್ಷ ಕಾಯಬೇಕು.

ಬ್ಯಾಂಕಿನಲ್ಲಿ ಒಂದು ನೋಟಿಗೆ ಮೂವತ್ತಮೂರು ರೂಪಾಯಿ ಕೊಡುತ್ತಿದ್ದರು. ಹಲಗೆಯಲ್ಲಿ ನಲವತ್ತು, ಆಮೇಲೆ ನಲವತ್ತೊಂದೂವರೆ, ನಲವತ್ತಮೂರು. ಟೈಲರಮ್ಮ ಬಟ್ಟೆ ಕತ್ತರಿಸುವ ಮೇಜಿನ ಅಂಚಿನಲ್ಲಿ ಗುರುತು ಹಾಕುವ ಸೀಮೆಸುಣ್ಣದಿಂದ ದಿನಾ ತಾರೀಕಿನ ಜೊತೆ ದರ ಬರೆದಿಟ್ಟಳು.

"ಬ್ಯಾಂಕಲ್ಲೇ ಕೊಟ್ಟು ಆಸ್ಪತ್ರೆಗೆ ಕಟ್ಟಿಬಿಡೋಣ ಕಣೇ" ಎಂದ ಅವಳ ಗಂಡ.

"ನೀವು ಸುಮ್ನಿರಿ. ಬ್ಯಾಂಕಿನವರದು ಹಗಲು ದರೋಡೆ. ಅಜ್ಜನ ಅಂಗಡಿ ತೆಗೀಲಿ, ಆಪರೇಷನ್ನೂ ಆಗುತ್ತೆ, ನನಗೊಂದು ಮೋಟಾರ್ ಮಷೀನೂ ಬರುತ್ತೆ."

ಆದರೆ ಅಂಕಿ ಬದಲಿಸಲು ಬಂದವರನ್ನು ಯಾರೂ ಕಂಡಿರಲಿಲ್ಲ. ಒಂದು ಬೆಳಿಗ್ಗೆ ಮಗಳು ಆ ಗಾಜಿನ ಮುಂದೆ ಗಕ್ಕನೆ ನಿಂತಳು. "ಅಮ್ಮ, ಒಳಗೆ ತಗಡು ಟಣ್ ಅಂತು" ಎಂದಳು. ಟೈಲರಮ್ಮನಿಗೆ ಏನೂ ಕೇಳಿಸಿರಲಿಲ್ಲ. ಮಗುವಿಗೆ ಕಿವಿಯ ತೊಂದರೆ ಜಾಸ್ತಿಯಾಗಿರಬೇಕು ಎಂದುಕೊಂಡು ಬಿರಬಿರನೆ ಎಳೆದುಕೊಂಡು ಹೋದಳು.

ಹದಿನೆಂಟನೇ ತಾರೀಕು ಮಹಡಿ ಮನೆಯ ಕ್ಯಾಷಿಯರ್ ಅಕ್ಕ ಅಂಗಿಗೆ ಗುಂಡಿ ಹಾಕಿಸಲು ಬಂದಳು. ಅವಳು ಕೆಲಸ ಮಾಡುವುದು ಬ್ಯಾಂಕಿನಲ್ಲೇ.

"ಇನ್ನೂ ಹಣ ಕಟ್ಟಿಲ್ವಾ? ದರ ಮೂವತ್ತೊಂದಕ್ಕೆ ಇಳಿದಿದೆ. ಇನ್ನೊಂದು ರೂಪಾಯಿ ಇಳಿದ್ರೆ ನಿನ್ನ ನೋಟು ಆಪರೇಷನ್‌ಗೂ ಸಾಲಲ್ಲ."

"ಅಲ್ಲಿ ನೋಡಕ್ಕ. ಇವತ್ತು ನಲವತ್ತಾರು!"

ಅಕ್ಕ ಹಲಗೆ ನೋಡಿದಳು, ಮೇಜಿನ ಅಂಚಿನ ಅಂಕಿಗಳನ್ನು ನೋಡಿದಳು, "ಈ ದರ ಹಿಂದೆಲ್ಲೋ ನೋಡಿದ ಹಾಗಿದೆ" ಎನ್ನುತ್ತಾ ಎದ್ದು ಹೋದಳು. ಸಂಜೆ ಬರುವಾಗ ಅವಳ ಕೈಯಲ್ಲಿ ಬ್ಯಾಂಕಿನ ಕಂಪ್ಯೂಟರಿನಿಂದ ತೆಗೆದ ಒಂದು ಹಾಳೆ ಇತ್ತು.

"ಇದು ಹನ್ನೆರಡು ವರ್ಷದ ಹಿಂದಿನ, ಇದೇ ತಿಂಗಳ ದರಪಟ್ಟಿ. ನೀನೇ ತಾಳೆ ನೋಡು."

ಟೈಲರಮ್ಮ ಬೆರಳಿಟ್ಟು ನೋಡುತ್ತಾ ಹೋದಳು. ಒಂದನೇ ತಾರೀಕು ನಲವತ್ತು. ಹದಿನೆಂಟಕ್ಕೆ ನಲವತ್ತಾರು. ನಡುವೆ ಒಂದು ದಿನವೂ ತಪ್ಪಿಲ್ಲ.

"ನಾಳೆ ಎಷ್ಟಿದೆ ಅಕ್ಕ?"

"ಇಪ್ಪತ್ತೊಂಬತ್ತು. ಒಂದೇ ದಿನದಲ್ಲಿ ಬಿತ್ತು. ಐವತ್ತಾಗ್ಲಿ ಅಂತ ಅಜ್ಜ ಇದ್ದಬದ್ದ ನೋಟೆಲ್ಲ ಪೆಟ್ಟಿಗೇಲಿಟ್ಟು ಕಾದಿದ್ದ. ಅವತ್ತು ಕುರ್ಚೀಲಿ ಕೂತವನು ಏಳಲೇ ಇಲ್ಲ."

"ಯಾರೋ ಕಿಡಿಗೇಡಿಗಳ ಕೆಲಸ ಇದು. ನಾಳೆ ನೋಡೋಣ, ನಲವತ್ತೇಳಾದ್ರೆ ನಾನು ಗೆದ್ದೆ" ಎಂದಳು ಟೈಲರಮ್ಮ. ಅವಳು ಇನ್ನೂ ಹಟ ಬಿಟ್ಟಿರಲಿಲ್ಲ.

ಹತ್ತೊಂಬತ್ತರ ಬೆಳಿಗ್ಗೆ ಅಮ್ಮ, ಮಗಳು, ಅಕ್ಕ ಮೂವರೂ ಗಾಜಿನ ಮುಂದೆ ನಿಂತರು. ಹಲಗೆಯಲ್ಲಿ ಇಪ್ಪತ್ತೊಂಬತ್ತು. ಬೀಗದಿಂದ ಬಾಗಿಲಿನ ಚೌಕಟ್ಟಿಗೆ ಕಟ್ಟಿದ ಜೇಡರ ಬಲೆಯ ಒಂದೆಳೆಯೂ ಹರಿದಿರಲಿಲ್ಲ. ಒಳಗಿನ ನೆಲದ ಧೂಳಿನಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ.

ಮಗಳು ಅಮ್ಮನ ಸೆರಗು ಜಗ್ಗಿದಳು. "ಒಳಗೆ ಒಬ್ಬ ಅಜ್ಜ ಅಳ್ತಿದಾರೆ."

"ಎಲ್ಲಿ ಪುಟ್ಟಿ?" ಎಂದಳು ಟೈಲರಮ್ಮ. ಮಗಳಿಗೆ ಕೇಳಿಸಲಿಲ್ಲ. ಬಗ್ಗಿ, ಕಿವಿಯ ಹತ್ತಿರ ಕೂಗಿ ಕೇಳಿದಳು. ಆಗಲೂ ಕೇಳಿಸಲಿಲ್ಲ. ಹುಡುಗಿ ಗಾಜಿನ ಕಡೆಗೇ ತಲೆ ವಾಲಿಸಿ ನಿಂತಿದ್ದಳು.

ಟೈಲರಮ್ಮನ ಕಣ್ಣಲ್ಲಿ ನೀರು ಬಂತು. ನನ್ನ ಮಗುವಿಗೆ ನನ್ನ ದನಿ ಕೇಳಿಸದು, ನಾನೋ ಸತ್ತವನ ದರಕ್ಕೆ ಕಾಯುತ್ತಾ ಕೂತೆನಲ್ಲ ಎಂದುಕೊಂಡಳು. ಮನೆಗೆ ಓಡಿ, ಬೀರು ತೆಗೆದು ಲಕೋಟೆ ಸೆಳೆದುಕೊಂಡಳು.

"ಆತುರ ಬೇಡ. ಎರಡು ಕಡೆ ಕೇಳೋಣ" ಎಂದಳು ಅಕ್ಕ. "ದರ ಎಷ್ಟು, ಕಮಿಷನ್ ಎಷ್ಟು, ಕೈಗೆ ಬರೋದೆಷ್ಟು ಅಂತ ಕೇಳು. ಲೈಸೆನ್ಸ್ ಇದೆಯಾ ನೋಡು. ರಸೀದಿ ಇಲ್ಲದೆ ನೋಟು ಕೊಡ್ಬೇಡ."

ಹಾಗೇ ಮಾಡಿದರು. ಬ್ಯಾಂಕಿನ ಮೂವತ್ತೊಂದೇ ಮೇಲಾಯಿತು. ಆಸ್ಪತ್ರೆಗೆ ಕಟ್ಟಿದ ಮೇಲೆ ಉಳಿದದ್ದು ಬಸ್ಸಿಗೆ ಸಾಕಾಯಿತು, ಅಷ್ಟೇ. "ಮಷೀನು ಇನ್ಯಾವಾಗಾದ್ರೂ ತಗೊಳ್ಳೋಣ ಬಿಡು" ಎಂದು ಗಂಡ ನಕ್ಕ. ಅವಳೂ ನಕ್ಕಳು.

ಈಗ ಮಗಳು ಅಪ್ಪನ ಗೊರಕೆಗೆ ಬೈಯುತ್ತಾಳೆ. ಅಜ್ಜನ ಹಲಗೆ ಮತ್ತೆ ಬೋಳು. ಅದರ ಮುಂದೆ ಹಾದುಹೋಗುವಾಗ ಹುಡುಗಿ ಒಂದು ಗಳಿಗೆ ನಿಲ್ಲುತ್ತಾಳೆ, ಒಳಗಿನಿಂದ ಈಗ ಏನೂ ಕೇಳಿಸುವುದಿಲ್ಲ ಎನ್ನುತ್ತಾಳೆ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಹೊರದೇಶದ ನೋಟಿದ್ದರೆ ಹಳೆಯ ದರಪಟ್ಟಿಯನ್ನು ಅಗತ್ಯವಾಗಿ ನೋಡಿ. ದರ ಹೇಗೆ ಏರಿತ್ತು, ಹೇಗೆ ಬಿತ್ತು ಎಂಬುದು ಅದರಿಂದ ತಿಳಿಯುತ್ತದೆ. ನಾಳೆ ಎಷ್ಟಾದೀತು ಎಂದು ಮಾತ್ರ ಅದು ಮಾತು ಕೊಡುವುದಿಲ್ಲ. ಮದ್ದಿಗೋ ಓದಿಗೋ ಗಡುವಿದ್ದರೆ ಇವತ್ತಿನ ದರ ವಿಚಾರಿಸಿ, ರಸೀದಿ ಪಡೆದು, ಇವತ್ತೇ ಬದಲಿಸಿಕೊಳ್ಳಿ. ಇನ್ನೊಂದು ದಿನ ನೋಡೋಣ ಎನ್ನಬೇಡಿ. ನೋಟಿನಜ್ಜನೂ ಹಾಗೆಯೇ ಅಂದಿದ್ದ.